ಎರಡು ಕೊಂಬಿನ ಡಬ್ಬಿ

ಮೊನ್ನೆ ಹಳೆಯ ಟ್ರಂಕು ತೆಗೆದು ಬಟ್ಟೆಗಳಿಗೆ ಬಿಸಿಲು ತೋರಿಸುತ್ತಿದ್ದಾಗ ಒಂದು ಪುಟ್ಟ ಅಂಗಿ ಸಿಕ್ಕಿತು. ಗುಳೇದಗುಡ್ಡದ ಖಣದ್ದು. ಕಡುಗೆಂಪು ಮೈ, ಹಸಿರು ಅಂಚು, ಮೇಲ್ಗಡೆ ಎರಡು ತೂತು. ಪಕ್ಕದ ಮನೆಯಾಕೆ ತಮ್ಮ ಮಾಳಿಗೆಯಿಂದಲೇ ನೋಡಿ, "ಯಾವ ಕೂಸಿಂದ್ರೀ ಅಂಗಿ? ಭಾಳ ಚೆಂದ ಐತೆ. ಕೈ ತೂರ್ಸೋ ತೂತು ಮ್ಯಾಲ್ಯಾಕ ಬಂದಾವು?" ಎಂದರು. "ಕೂಸಿಂದಲ್ಲ, ರೂಟರಿಂದು" ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಒಲೆ ಮೇಲೆ ಹಾಲು ಇಟ್ಟಿದ್ದೇನೆಂದು ಹೇಳಿ ಕೆಳಗಿಳಿದು ಹೋದವರು ಮತ್ತೆ ಮೇಲೆ ಬರಲಿಲ್ಲ.

ನೀವೂ ನಗುತ್ತಿರಬಹುದು. ಆದರೆ ನಮ್ಮ ಮನೆಯಲ್ಲಿ ಯಾವ ಯಂತ್ರವೂ ಮೈಮೇಲೆ ಬಟ್ಟೆಯಿಲ್ಲದೆ ಇರುವ ಪದ್ಧತಿಯಿಲ್ಲ. ಟಿವಿಯ ತಲೆಗೆ ಕ್ರೋಶಾ ಸೆರಗು, ಮಿಕ್ಸಿಗೆ ಗವಸು, ವಾಷಿಂಗ್ ಮೆಷಿನ್ನಿಗೆ ಮಳೆಗಾಲ ಬೇಸಿಗೆಯೆನ್ನದೆ ರೇನ್‌ಕೋಟು. ರಿಮೋಟು ಹುಟ್ಟಿನಿಂದ ತೊಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಮುದಿಯಾಗಿದೆ. ಒಳಗಿನ ಅಂಕಿಗಳು ಕಾಣುವುದಿಲ್ಲವಾದ್ದರಿಂದ ನಾವು ಅಂದಾಜಿನ ಮೇಲೆ ಒತ್ತುತ್ತೇವೆ, ಬಂದ ಚಾನೆಲ್ಲು ನೋಡುತ್ತೇವೆ. ಇವನ್ನೆಲ್ಲ ಹೊಲಿದವಳು ನಾನೇ. ಬಟ್ಟೆಗೇನು ಕೊರತೆಯೇ? ಉಡಿ ತುಂಬಿದವರೆಲ್ಲ ಕೊಟ್ಟ ಖಣಗಳು ಬೀರುವಿನಲ್ಲಿ ಒಂದರ ಮೇಲೊಂದು ಕೂತಿವೆ. ಅವುಗಳಿಂದ ಕುಪ್ಪಸ ಹೊಲಿಸಿಕೊಂಡ ಹೆಂಗಸನ್ನು ನಾನಿನ್ನೂ ಕಂಡಿಲ್ಲ. ಒಮ್ಮೆ ಆವರಗೆರೆಯ ಗೃಹಪ್ರವೇಶವೊಂದರಲ್ಲಿ ನಾನು ಕೊಟ್ಟ ನೀಲಿ ಖಣ ಊರೆಲ್ಲ ಸುತ್ತಿಕೊಂಡು ಯಾರದೋ ಸೀಮಂತದಲ್ಲಿ ನನ್ನ ಉಡಿಗೇ ಬಂದು ಬಿತ್ತು. ಮಡಿಕೆಯನ್ನು ಸಹ ಯಾರೂ ಬಿಚ್ಚಿರಲಿಲ್ಲ.

ಅಂಗಿಯ ವಿಷಯಕ್ಕೆ ಬರುವ ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ನಾವಿರುವುದು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ. ಮಗಳು ಮದುವೆಯಾಗಿ ಶಿವಮೊಗ್ಗದಲ್ಲಿದ್ದಾಳೆ, ಇಲ್ಲಿ ಅತ್ತೆ, ನಮ್ಮ ಯಜಮಾನರು, ನಾನು, ಮೂರೇ ಜನ. ಯಜಮಾನರದು ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿ ಸಗಟು ವ್ಯಾಪಾರ. ಅವರಿಗೆ ಎರಡರ ಮೇಲೆ ಅಪಾರ ನಂಬಿಕೆ: ಒಂದು ವಾಸ್ತು, ಇನ್ನೊಂದು ತಮ್ಮ ಸ್ವಂತ ಬುದ್ಧಿ. ಅತ್ತೆಗೆ ಎಂಬತ್ತರ ಹತ್ತಿರ. ಕಿವಿ ಚುರುಕು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಆ ಕೈಗಳಲ್ಲಿ ಅರ್ಧದಷ್ಟಕ್ಕೆ ಈಗ ಬೀಗಗಳೇ ಇಲ್ಲ. ಆದರೂ ಗೊಂಚಲು ಹಗುರಾಗಿಲ್ಲ.

ನನ್ನ ಹೆಸರು ಹರಿಹರದಾಕಿ. ಮದುವೆಯಾಗಿ ಹೊಸಿಲು ದಾಟಿದ ದಿನ ಅತ್ತೆ, "ಹರಿಹರದಾಕಿ ಬಂದ್ಲು, ಆರತಿ ತರ್‍ರೇ" ಎಂದರಲ್ಲ, ಅಲ್ಲಿಂದ ಅದೇ ಗಟ್ಟಿಯಾಯಿತು. ನನ್ನ ಓರಗಿತ್ತಿ ರಾಣೆಬೆನ್ನೂರದಾಕಿ. ನಾದಿನಿಯ ಮಕ್ಕಳಿಗೆ ನಾನು ಹರಿಹರದತ್ತೆ. ಯಜಮಾನರಿಗೆ ಮಾತ್ರ "ಏ, ಕೇಳಿಲ್ಲಿ". ಇದರಲ್ಲಿ ವಿಶೇಷವೇನೂ ಇಲ್ಲ, ನಮ್ಮ ಕಡೆ ಸೊಸೆಯರನ್ನು ಬಸ್ಸಿನ ಬೋರ್ಡಿನ ಹಾಗೆ ಊರಿನ ಹೆಸರಿನಿಂದಲೇ ಗುರುತಿಸುತ್ತಾರೆ. ನನಗೂ ಓಗೊಟ್ಟು ಓಗೊಟ್ಟು ರೂಢಿಯಾಗಿತ್ತು.

ನನ್ನನ್ನು ಇನ್ನೊಂದು ಹೆಸರಿನಿಂದ ಕರೆಯುವವಳು ಲೋಕದಲ್ಲಿ ಒಬ್ಬಳೇ ಉಳಿದಿದ್ದಾಳೆ, ಮೆಹರುನ್ನಿಸಾ. ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯ ಓಣಿಯಲ್ಲಿ ನಮ್ಮ ತವರುಮನೆಯ ಎದುರು ಮನೆ ಅವಳದು. ಅವಳ ಅಬ್ಬಾ ಪಾತ್ರೆಗಳಿಗೆ ಕಲಾಯಿ ಹಾಕುತ್ತಲೇ ಪಾತ್ರೆ ಅಂಗಡಿ ಇಟ್ಟವರು. ಓಣಿಗೆಲ್ಲ ಇದ್ದ ಒಂದೇ ಫೋನು ಅವರ ಪಡಸಾಲೆಯಲ್ಲಿತ್ತು. ಯಾರಿಗೇ ಫೋನು ಬರಲಿ, ಮೆಹರು ಬಾಗಿಲಿಗೆ ಬಂದು ಕೂಗುತ್ತಿದ್ದಳು. ಅವಳ ದನಿಗೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೂ ಎದ್ದು ಬರುತ್ತಿದ್ದರು. ನನ್ನ ಮದುವೆಯ ಕರೆಯೋಲೆಯಲ್ಲೂ ಅಪ್ಪನ ಹೆಸರಿನ ಕೆಳಗೆ ಅವರ ಮನೆಯ ನಂಬರೇ, ಪಕ್ಕದಲ್ಲಿ ಪಿ.ಪಿ. ಎಂದು ಎರಡಕ್ಷರ. ಪಕ್ಕದ್ಮನೆ ಫೋನು ಎಂಬುದಕ್ಕೆ ಇಂಗ್ಲಿಷಿನವರು ಹಾಗೆ ಬರೆಯುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ. ನಿಜವಾದ ಅರ್ಥ ಏನೆಂದು ಇವತ್ತಿಗೂ ತಿಳಿದುಕೊಂಡಿಲ್ಲ.

ಆ ಮನೆಯಿಂದ ಈ ಮನೆಗೆ ಬಂದು ನೋಡುತ್ತೇನೆ, ಇಲ್ಲಿಯೂ ಫೋನಿದೆ, ಆದರೆ ಅದರ ತಿರುಗಣಿಗೆ ಒಂದು ಪುಟ್ಟ ಬೀಗ! ಹೊರಗಿನವರು ನಮಗೆ ಮಾಡಬಹುದು, ನಾವು ಯಾರಿಗೂ ಮಾಡುವಂತಿಲ್ಲ. ಬೀಗದ ಕೈ ಎಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಫೋನಿನ ಮನೆಯಲ್ಲಿ ಹುಟ್ಟಿದ ಮೆಹರು ನನಗೆ ಒಂದು ವಿದ್ಯೆ ಹೇಳಿಕೊಟ್ಟೇ ಕಳಿಸಿದ್ದಳು. ಫೋನಿನ ಕೈ ಎತ್ತಿ, ಅದು ಕೂರುವ ಗುಂಡಿಯನ್ನು ಟಕಟಕ ತಟ್ಟಬೇಕು, ಮೂರಕ್ಕೆ ಮೂರು ಸಲ, ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಸರಿಯಾಗಿ ತಟ್ಟಿದರೆ ಬೀಗ ಅದರ ಪಾಡಿಗೆ ತೂಗುತ್ತಿರುತ್ತದೆ, ಹರಿಹರದಲ್ಲಿ ಗಂಟೆ ಹೊಡೆಯುತ್ತದೆ. ಅತ್ತೆ ಒಳಗಿನಿಂದ "ಏನದು ಸಪ್ಪಳ?" ಎಂದರೆ "ಶೇಂಗಾ ಒಡೀತಿದೀನಿ ಅತ್ತೆ" ಎನ್ನುತ್ತಿದ್ದೆ. ಇಷ್ಟೊಂದು ಶೇಂಗಾ ಒಡೆದರೂ ಚಟ್ನಿಪುಡಿ ಯಾಕೆ ಹೆಚ್ಚುವುದಿಲ್ಲವೆಂದು ಅವರಿಗೆ ಬಹಳ ದಿನ ಸಂಶಯವಿತ್ತು.

ಈ ಮೆಹರುವಿಗೆ ಹೋದ ಬೇಸಿಗೆಯಲ್ಲಿ ಒಂದು ಅವಮಾನವಾಯಿತು. ಅವಳು ಓದಿದ್ದು ಉರ್ದು ಶಾಲೆಯಲ್ಲಿ, ಅದೂ ನಾಲ್ಕನೇ ಕ್ಲಾಸು. ಕನ್ನಡ ಮಾತಾಡುವುದರಲ್ಲಿ, ಚೌಕಾಶಿ ಮಾಡುವುದರಲ್ಲಿ, ಜಗಳಾಡುವುದರಲ್ಲಿ ಅವಳಿಗೆ ಸರಿಸಾಟಿ ಯಾರೂ ಇಲ್ಲ. ಓದಲು ಮಾತ್ರ ಬಾರದು. ಎರಡನೇ ಕ್ಲಾಸಿನ ಮೊಮ್ಮಗಳು ಪುಸ್ತಕ ತಂದು "ನಾನಿ, ಇದು ಓದು" ಎಂದಾಗ ಮೆಹರು ಎಂದಿನಂತೆ ಚಿತ್ರ ನೋಡಿ ಕತೆ ಕಟ್ಟಿ ಹೇಳಿದಳಂತೆ. ಮುಗಿದ ಮೇಲೆ ಆ ಮಗು ಕೈ ತಟ್ಟಿ ನಗುತ್ತಾ ಪುಸ್ತಕವನ್ನು ತಿರುಗಿಸಿ ಹಿಡಿಯಿತು. ಇಷ್ಟು ಹೊತ್ತೂ ಅದು ತಲೆಕೆಳಗಾಗಿತ್ತು. ಆ ಪುಟದಲ್ಲಿ ಇದ್ದದ್ದು ಹೂವಿನ ಚಿತ್ರ, ಹೇಗೆ ಹಿಡಿದರೂ ಹೂವೇ.

ಮಗು ಅಪ್ಪ ಅಮ್ಮನ ಜೊತೆ ಬೇಸಿಗೆ ರಜೆಗೆ ಹುಬ್ಬಳ್ಳಿಗೆ ಹೋಯಿತು. ಮೆಹರು ನನಗೆ ಫೋನು ಮಾಡಿದಳು. "ಸುಶೀ, ಅದು ವಾಪಸ್ ಬರೋದ್ರೊಳಗ ನನಗ ಓದಾಕ ಕಲಿಸಿಬಿಡು. ನೀನು ಟೀಚರ್ ಅಲ್ಲೇನು?" ಎಂದಳು. ಟಿ.ಸಿ.ಎಚ್. ಮಾಡಿ ಒಂದು ವರ್ಷ ಕಲಿಸಿದ್ದೆ, ನಿಜ. ಆಮೇಲೆ ಮದುವೆಯಾಯಿತು, ಹರಿಹರದಾಕಿ ಆದೆ. ನನ್ನನ್ನು ಟೀಚರ್ ಎಂದು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ. "ಆಗ್ಲಿ ಕಣೇ" ಎಂದೆ. ಅವಳದು ಒಂದೇ ಷರತ್ತು: "ಯಾರ್ಗೂ ಗೊತ್ತಾಗಬಾರ್ದು. ಈ ವಯಸ್ಸಿಗೆ ನಾನು ಅ ಆ ಅನ್ನೋದು ನಿಮ್ಮತ್ತೆ ಕಿವಿಗೆ ಬಿತ್ತಂದ್ರ ಅವತ್ತೇ ಬಿಟ್ಟೆ, ಖುದಾ ಕಸಂ."

ಅವಳಿಗೆ ಮಂಡಿನೋವು, ಬಸ್ಸು ಹತ್ತಲಾರಳು. ಹರಿಹರವೇನು ದೂರವಲ್ಲ, ಅರ್ಧ ಗಂಟೆಯ ದಾರಿ. ಆದರೆ ನಮ್ಮ ಮನೆಯಲ್ಲಿ ಬಿಸಿರೊಟ್ಟಿ ತಟ್ಟೆಗೆ ತಾನಾಗಿ ಬಂದು ಬೀಳುವ ಏರ್ಪಾಟು ಇನ್ನೂ ಆಗಿಲ್ಲ. ಫೋನಿನಲ್ಲೇ ಮುಖ ನೋಡಿಕೊಂಡು ಕಲಿಸೋಣವೆಂದರೆ ನನ್ನ ಫೋನಿನ ದಿನದ ಡಾಟಾ ಅತ್ತೆಯ ಬೆಳಗಿನ ಪ್ರವಚನಕ್ಕೇ ಮುಗಿದುಹೋಗುತ್ತಿತ್ತು. ಆದ್ದರಿಂದ ಮನೆಗೆ ವೈಫೈ ಬೇಕೆಂದು ಹಟ ಹಿಡಿದೆ. ಯಾಕೆಂದು ಕೇಳಿದ್ದಕ್ಕೆ ಅತ್ತೆಯ ಪ್ರವಚನ ನಡುನಡುವೆ ನಿಂತುಹೋಗುತ್ತದೆ, ಪಾಪ ತಟ್ಟೀತು ಎಂದೆ. ಮೂರನೆಯ ದಿನವೇ ಕನೆಕ್ಷನ್ನಿನವನು ಬಂದ.

ಹೆಗಲಿಗೆ ವೈರಿನ ಸುರುಳಿ, ಕಿವಿ ಭುಜದ ನಡುವೆ ಫೋನು. ನಮ್ಮ ಗೋಡೆ ಕೊರೆಯುತ್ತ ಇನ್ನಾರದೋ ಮನೆಯ ರಿಪೇರಿಗೆ ಫೋನಿನಲ್ಲೇ ಸಮಾಧಾನ ಹೇಳುತ್ತಿದ್ದ. ಅವನಿಗೆ ಬರುತ್ತಿದ್ದ ತಾಂತ್ರಿಕ ಪದ ಒಂದೇ, "ಆಗ್ತೈತೆ". ಪೆಟ್ಟಿಗೆ ಬಿಚ್ಚಿದ. ಬಿಳಿಯ ಚಪ್ಪಟೆ ಡಬ್ಬಿ, ಹಿಂದೆ ಮೇಲಕ್ಕೆ ನಿಲ್ಲುವ ಎರಡು ಕಡ್ಡಿ.

"ಎಲ್ಲಿ ಕೂಡ್ರಸ್ಲಿ ಸಾರ್?"

"ಹಾಲ್‌ನಾಗೇ ಕೂಡ್ರಸು. ಶೋಕೇಸಿನ ಗಾಜಿನೊಳಗೆ. ಬಂದೋರ ಕಣ್ಣಿಗೆ ಬೀಳ್ಬೇಕಪ್ಪ" ಎಂದರು ಯಜಮಾನರು.

"ಹೊಸಾ ಮಷೀನು, ದೇವರ ಮನ್ಯಾಗ ಇಡ್ರಿ" ಎಂದರು ಅತ್ತೆ. "ನೋಡ್ರಿಲ್ಲಿ, ಬಸವಣ್ಣನಂಗೆ ಎರಡು ಕೊಂಬದಾವೆ."

"ಅಡಿಗೆಮನೆ ಹತ್ರ ಇಟ್ರೆ..." ಎಂದೆ ನಾನು.

"ಅಡಿಗೆಮನ್ಯಾಗ ಯಾಕ? ಸಾರಿಗೆ ಒಗ್ಗರಣೆ ಹಾಕೋಕೂ ನೆಟ್ ಬೇಕೇನು?" ಎಂದು ಯಜಮಾನರು ನಕ್ಕರು. ಅವನೂ ನಕ್ಕ. ಸಾರಿನ ವಿಷಯದಲ್ಲಿ ಗಂಡಸರಿಗೆ ಬೇಗ ನಗು ಬರುತ್ತದೆ.

ಡಬ್ಬಿ ಶೋಕೇಸಿಗೆ ಹೋಯಿತು, ಗಾಜಿನ ಬಾಗಿಲಿನೊಳಗೆ, ಹಳೆಯ ಟ್ರೋಫಿಗಳ ಪಕ್ಕಕ್ಕೆ. ಮುಂದೆ ಹೆಸರಿನ ಪ್ರಶ್ನೆ ಬಂತು. "ವೈಫೈಗೆ ಏನ್ ಹೆಸ್ರು ಹಾಕ್ಲಿ ಸಾರ್?" ಎಂದು ಕೇಳಿದ್ದೇ ತಡ, ಯಜಮಾನರು ನಾಮಕರಣಕ್ಕೆ ಕೂತವರಂತೆ ಚಕ್ಕಳಮಕ್ಕಳ ಹಾಕಿ ಕೂತರು. "ಬರ್ಕೋ. ಶ್ರೀ ಗುರು ಬಸವ ಪ್ರಸನ್ನ. ಕೆಳಗೆ, ಶ್ರೀ ಚನ್ನಬಸಪ್ಪ ಮತ್ತು ಮಕ್ಕಳು, ಒಣಮೆಣಸಿನಕಾಯಿ ವ್ಯಾಪಾರಸ್ಥರು, ಮಂಡಿಪೇಟೆ, ದಾವಣಗೆರೆ." ಅವನು ಮೊದಲ ಸಲ ಕಿವಿಯಿಂದ ಫೋನು ಇಳಿಸಿದ. "ಸಾರ್, ಇದೇನ್ ಲಗ್ನಪತ್ರಿಕೆನಾ? ಇಷ್ಟುದ್ದ ಹಿಡಿಯಂಗಿಲ್ಲ. ಕನ್ನಡನೂ ಬ್ಯಾಡ, ಕೆಲವು ಫೋನಿನಾಗೆ ಬರೀ ಪ್ರಶ್ನೆ ಗುರುತು ಬರ್ತೈತೆ" ಎಂದ. ಚೌಕಾಶಿ ನಡೆದು ಕೊನೆಗೆ ಇಂಗ್ಲಿಷಿನಲ್ಲಿ "ಚನ್ನಬಸಪ್ಪ ಅಂಡ್ ಸನ್ಸ್" ಎಂದಾಯಿತು. ಚನ್ನಬಸಪ್ಪನವರು ನಮ್ಮ ಮಾವ. ಬದುಕಿದ್ದಾಗ ಯಾರಾದರೂ ರೇಡಿಯೋ ಹಚ್ಚಿದರೂ ರೇಗುತ್ತಿದ್ದವರು. ಈಗ ಅವರ ಹೆಸರು ಗೋಡೆ ತೂರಿ ಪಕ್ಕದ ಮನೆಯವರ ಬಚ್ಚಲಿನವರೆಗೂ ಹರಡಿತು.

ಪಾಸ್‌ವರ್ಡಿಗೆ ಯಜಮಾನರು "ಮೆಣಸಿನಕಾಯಿ" ಎಂದರು. ಅವನು ತನ್ನ ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಒತ್ತಿದ. ಯಜಮಾನರು ತಮ್ಮ ಬಾಯಿಗೆ ಬಂದಂತೆ ಒತ್ತಿದರು. ಅವನ "ಕಾಯಿ"ಯಲ್ಲಿ ವೈ ಇತ್ತು, ಇವರದರಲ್ಲಿ ಇರಲಿಲ್ಲ. ಜೀವಮಾನವೆಲ್ಲ ಮೆಣಸಿನಕಾಯಿ ಮಾರಿದವರನ್ನು ಡಬ್ಬಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಕಡೆಗೆ ಅವನೇ ಎಲ್ಲರ ಫೋನಿಗೂ ಒತ್ತಿಕೊಟ್ಟು, "ಆಗ್ತೈತೆ" ಎಂದು ಹೊರಟ. ಅತ್ತೆ ಡಬ್ಬಿಯ ಹಣೆಗೆ ವಿಭೂತಿ ಎಳೆದು, ಕೊಂಬುಗಳ ನಡುವೆ ದಾಸವಾಳ ಸಿಕ್ಕಿಸಿ, ಹೊಸಿಲಿಗೆ ಕಾಯಿ ಒಡೆಸಿದರು.

ಇಷ್ಟಾಗಿ ಹಾಲ್‌ನಲ್ಲಿ ನೆಟ್ಟು ಹೊಳೆಯಂತೆ ಹರಿಯಿತು. ಅಡಿಗೆಮನೆಗೆ ಬರುವಷ್ಟರಲ್ಲಿ ನಲ್ಲಿಯ ಕೊನೆಯ ಹನಿ. ನಡುವೆ ಎರಡು ಗೋಡೆ, ಫ್ರಿಜ್ಜು, ಅಕ್ಕಿ ಜೋಳದ ಸ್ಟೀಲ್ ಡ್ರಮ್ಮುಗಳು. ಹಾಲ್‌ನಲ್ಲಿ ಪಾಠ ಮಾಡೋಣವೆಂದರೆ ಮಧ್ಯಾಹ್ನ ದಿವಾನದ ಮೇಲೆ ಯಜಮಾನರ ನಿದ್ದೆ, ಪಕ್ಕದಲ್ಲಿ ಅತ್ತೆಯ ಚುರುಕು ಕಿವಿ. ಹೀಗಾಗಿ ಪಾತ್ರೆ ತೊಳೆದ ಮೇಲೆ ಮೂರು ಗಂಟೆಗೆ ಅಡಿಗೆಮನೆಯ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಕ್ಕೆ ಫೋನು ಒರಗಿಸಿ, ಬಂದಷ್ಟು ಹನಿಯಲ್ಲೇ ಶುರು ಮಾಡಿದೆವು. ನಾನು "ಅ" ಎಂದರೆ ಅವಳಿಗೆ ಅರ್ಧ ಕೇಳುತ್ತಿತ್ತು. ಅವಳು "ಆ?" ಎನ್ನುತ್ತಿದ್ದಳು. ಪ್ರಶ್ನೆಯೋ ಅಕ್ಷರವೋ ತಿಳಿಯದೆ ನಾನು "ಹ್ಞೂಂ, ಆ" ಎನ್ನುತ್ತಿದ್ದೆ. ಒಂದು ದಿನ ಅವಳು ಹೀಗೆ ಗಟ್ಟಿಯಾಗಿ ಆ ಆ ಎನ್ನುವುದನ್ನು ಕೇಳಿ ನೆರೆಮನೆಯವರು ಬಂದು ಹಲ್ಲುನೋವಿಗೆ ಲವಂಗ ಕೊಟ್ಟು ಹೋದರಂತೆ.

ಇಂಥ ಹೊತ್ತಿನಲ್ಲಿ ಜಾಣತನ ತೋರಿಸಿದವಳು ನಾನು. ಡಬ್ಬಿಗೆ ಧೂಳು ಕೂತು ನೆಟ್ಟು ಕಡಿಮೆಯಾಗಿರಬೇಕೆಂದು ಒಳ್ಳೆಯ ಖಣ ಹುಡುಕಿ, ಅಳತೆ ತೆಗೆದು, ಕೊಂಬು ತೂರಲು ತೂತು ಬಿಟ್ಟು, ಒಳಗೆ ಅಸ್ತರಿ ಕೊಟ್ಟು ಅಂಗಿ ಹೊಲಿದೆ. ತೊಡಿಸಿದಾಗ ಕಾರಹುಣ್ಣಿಮೆಯ ಎತ್ತಿನಂತೆ ಕಾಣಿಸಿತು. ಅತ್ತೆಯೂ ಹೊಗಳಿದರು. ಅದು ಮೇ ತಿಂಗಳ ದಾವಣಗೆರೆ. ಮಾರನೆಯ ಮಧ್ಯಾಹ್ನ "ಸ ಅಕ್ಷರಕ್ಕೆ ಕೊಂಬು ಕೊಟ್ರೆ" ಎನ್ನುವಷ್ಟರಲ್ಲಿ ಮೆಹರು ಬಾಯಿ ತೆರೆದ ಹಾಗೇ ಚಿತ್ರವಾದಳು. ಹಾಲ್‌ನಲ್ಲೂ ನೆಟ್ಟಿಲ್ಲ. ಕನೆಕ್ಷನ್ನಿನವನು ಬಂದು ಅಂಗಿಯ ಮೇಲೆ ಕೈಯಿಟ್ಟು ಸರಕ್ಕನೆ ಹಿಂದೆಗೆದ. "ಮೇಡಂ, ಇದ್ರ ಮ್ಯಾಲೆ ರೊಟ್ಟಿ ಸುಡಬೌದು. ನಮ್ಮಂಗೆ ಇದಕ್ಕೂ ಗಾಳಿ ಬೇಕ್ರಿ. ಗಾಜಿನ ಬಾಗ್ಲೂ ತೆಗೀರಿ, ಈ ಸ್ವೆಟರೂ ತೆಗೀರಿ" ಎಂದ. ಯಜಮಾನರ ಮುಂದೆ, ಅತ್ತೆಯ ಮುಂದೆ ಎಂದ. ನಾಚಿಕೆಯಾಯಿತು. ಆದರೆ ಹೊಗಳಿದ್ದ ಅತ್ತೆಯೇ "ನಾನು ಆಗ್ಲೇ ಅನ್ಕಂಡೆ" ಎಂದದ್ದಕ್ಕೆ ಸಿಟ್ಟೂ ಬಂತು. ಮತ್ತೆ ಮತ್ತೆ ತನ್ನನ್ನು ಕರೆಯಬಾರದೆಂದು ಅವನು ನನ್ನ ಫೋನಿಗೆ ಡಬ್ಬಿಯ ಆ್ಯಪು ಹಾಕಿ, ಎಲ್ಲಿ ಏನು ಒತ್ತಬೇಕೆಂದು ತೋರಿಸಿ ಹೋದ. ಅಂಗಿ ಟ್ರಂಕು ಸೇರಿತು.

ರಜೆ ಕರಗುತ್ತಿತ್ತು. ಅಡಿಗೆಮನೆಯ ಹನಿ ಹೆಚ್ಚಲಿಲ್ಲ. ಮೆಹರು ಒಂದು ದಿನ ಮಾಮೂಲಿ ಫೋನಿನಲ್ಲೇ, "ಸುಶೀ, ಬಿಟ್ಟುಬಿಡಾಣ. ನನ್ನ ನಸೀಬಿನಾಗೆ ತಲೆಕೆಳಗಾದ ಪುಸ್ತಕನೇ ಬರ್ದೈತೆ" ಎಂದಳು. ಅವಳು ಸೋಲೊಪ್ಪಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬರುವಂತಾಯಿತು. ಡಬ್ಬಿಯನ್ನು ಈಚೆಗೆ ತರಲು ಯಜಮಾನರಿಗೆ ಎಷ್ಟು ಹೇಳಿದರೂ ಕೇಳುತ್ತಿಲ್ಲ, ಗೋಡೆ ದಾಟುವುದಿಲ್ಲ, ಸ್ಟೀಲು ತಡೆಯುತ್ತದೆ ಎಂದೆಲ್ಲ ಬಿಡಿಸಿ ಹೇಳಿದೆ ಎಂದು ಅಲವತ್ತುಕೊಂಡೆ. ಆ ಕಡೆಯಿಂದ ನಗು ಕೇಳಿಸಿತು.

"ಅರೇ ಪಗಲಿ, ನಿಮ್ಮೋರಿಗೆ ಸಿಗ್ನಲ್ ಅಂದ್ರ ಎಲ್ಲಿ ತಿಳೀತೈತೆ? ವಾಸ್ತು ಅನ್ನು."

ಅದೇ ರಾತ್ರಿಯ ಊಟಕ್ಕೆ ಬಡಿಸುತ್ತ, ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಎಂದೆ: "ಹಗಲೂ ರಾತ್ರಿ ಕೆಂಪು ದೀಪ ಉರಿಯೋ ವಸ್ತು. ಮುಟ್ಟಿದ್ರೆ ಬಿಸಿ. ಬೆಂಕಿ ಅಲ್ದೆ ಮತ್ತೇನು ಅದು? ಅದನ್ನ ವಾಯವ್ಯದಾಗ ಇಟ್ಕಂಡು ಕೂತೀವಿ. ಬೆಂಕಿಗೆ ಗಾಳಿ ಹಾಕಿದಂಗೆ."

ಯಜಮಾನರ ಕೈಯಲ್ಲಿ ತುತ್ತು ನಿಂತಿತು. ನಮ್ಮ ಮನೆಯಲ್ಲಿ ಬೆಂಕಿಗೆ ಒಂದೇ ಮೂಲೆ, ಆಗ್ನೇಯ. ಆಗ್ನೇಯದಲ್ಲಿರುವುದು ಅಡಿಗೆಮನೆ. ಹಿಂದೊಮ್ಮೆ ಇದೇ ವಾಸ್ತುವಿಗಾಗಿ ಗೇಟನ್ನು ಕಿತ್ತು ಪಕ್ಕಕ್ಕೆ ನೆಟ್ಟವರು ಅವರು. ಈಗಲೂ ಸ್ಕೂಟರು ಒಳಗೆ ಬರಬೇಕಾದರೆ ಎರಡು ಸಲ ಹಿಂದೆ ಮುಂದೆ ಆಡಬೇಕು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಕನೆಕ್ಷನ್ನಿನವನು ಬಂದು ನಿಂತಿದ್ದ. "ನಾನೇ ವಿಚಾರ ಮಾಡ್ದೆ. ಆಗ್ನೇಯ ಬಿಟ್ರೆ ಬ್ಯಾರೆ ಜಾಗ ಇಲ್ಲ" ಎಂದು ಯಜಮಾನರು ಅವನಿಗೆ ವಿವರಿಸುತ್ತಿದ್ದರು. ಡಬ್ಬಿ ಉಪ್ಪಿನಕಾಯಿ ಜಾಡಿಗಳ ಮೇಲಿನ ಗೂಡಿನಲ್ಲಿ ಕೂತಿತು, ಬೆತ್ತಲೆಯಾಗಿ, ಗಾಳಿಗೆ ಮೈಯೊಡ್ಡಿಕೊಂಡು.

ಗೆದ್ದೆನೆಂದು ಕುಣಿಯುವಷ್ಟರಲ್ಲಿ ಹೊಸ ಪೀಡೆ ಬಂತು. ನೆಟ್ಟು ಎಲ್ಲಿದೆಯೋ ಜನ ಅಲ್ಲಿ! ನನ್ನ ಮದುವೆಯಾದಾಗಿನಿಂದ ನೀರು ಕುಡಿಯಲೂ ಅಡಿಗೆಮನೆಗೆ ಬಾರದ ಯಜಮಾನರು ಈಗ ಸ್ಟೂಲು ಹಾಕಿಕೊಂಡು ಅಲ್ಲೇ ಕೂರತೊಡಗಿದರು. ಬ್ಯಾಡಗಿ ಮಾರುಕಟ್ಟೆಯ ಧಾರಣೆ, ಯಾರೋ ಕಳಿಸಿದ ಶುಭೋದಯ, ಹಾವು ಹಿಡಿಯುವ ವಿಡಿಯೋ, ಎಲ್ಲ ನನ್ನ ಒಲೆಯ ಪಕ್ಕದಲ್ಲೇ. ಹೊಸಿಲ ಮೇಲೆ ಅತ್ತೆ, ಅವರ ಪ್ರವಚನ. ಮೂರು ಗಂಟೆಯಾದರೂ ಏಳುವುದಿಲ್ಲ. ಮೆಹರುವಿನ ಅ ಆ ಮತ್ತೆ ಬಾಗಿಲ ಹೊರಗೆ ನಿಂತಿತು.

ಅದಕ್ಕೆ ಮದ್ದು ತಾನಾಗಿ ಹೊಳೆಯಿತು. ಒಂದು ತಟ್ಟೆ ತುಂಬ ಬೆಳ್ಳುಳ್ಳಿ ತಂದು ಯಜಮಾನರ ತೊಡೆಯ ಮೇಲಿಟ್ಟೆ. "ಹೆಂಗೂ ಕೂತೀರಲ್ಲ, ಬಿಡಿಸ್ರಿ" ಎಂದೆ. ಅತ್ತೆಯ ಮುಂದೆ ಸೊಪ್ಪಿನ ಕಂತೆ ಇಟ್ಟೆ. ಮೊದಲ ದಿನ ಬಿಡಿಸಿದರು. ಎರಡನೆಯ ದಿನ ಯಜಮಾನರಿಗೆ ಅಂಗಡಿಯಲ್ಲಿ ಕೆಲಸ ಹುಟ್ಟಿತು. ಅತ್ತೆಗೆ ಮಧ್ಯಾಹ್ನ ಸೊಂಟ ಹಿಡಿಯತೊಡಗಿತು. "ಹರಿಹರದಾಕಿಗೆ ಈಗೀಗ ಕೊಂಬು ಮೂಡ್ಯಾವೆ" ಎಂದು ಗೊಣಗುತ್ತ ಹೋಗಿ ಮಲಗಿದರು. ಮೂರರಿಂದ ನಾಲ್ಕರವರೆಗೆ ಅಡಿಗೆಮನೆ ಖಾಲಿ. ಈಗಲೂ ನಮ್ಮ ಮನೆಯಲ್ಲಿ ಯಾರನ್ನಾದರೂ ಏಳಿಸಬೇಕಾದರೆ ಬೆಳ್ಳುಳ್ಳಿಯ ತಟ್ಟೆ ತೋರಿಸಿದರೆ ಸಾಕು.

ಅಲ್ಲಿಂದ ಪಾಠ ಓಡಿತು. ಮೆಹರುವಿನ ಮುಖ ಸ್ಪಷ್ಟ, ದನಿ ಸ್ಪಷ್ಟ, ತಕರಾರೂ ಸ್ಪಷ್ಟ. ಉ ಸ್ವರಕ್ಕೆ ಅಕ್ಷರದ ಮಗ್ಗುಲಲ್ಲಿ ಹಾಕುವ ಗುರುತಿಗೆ ಕೊಂಬು ಎನ್ನುತ್ತೇವೆ ಎಂದರೆ, "ಇದು ಪಕ್ಕದಾಗ ಬಾಲದಂಗೈತೆ, ಕೊಂಬು ಅಂತೀಯ. ನಿಮ್ಮ ಅಕ್ಷರ ಮಾಡ್ದೋರು ಎಮ್ಮೆ ನೋಡೇ ಇಲ್ಲೇನು?" ಎಂದಳು. ನನ್ನ ಟಿ.ಸಿ.ಎಚ್. ಮೇಷ್ಟ್ರು ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಕೊಂಬಿನ ಪದ ಬೇಕೆಂದಾಗ ನನ್ನ ಹೆಸರನ್ನೇ ಬರೆದು ತೋರಿಸಿದೆ. ಸ ಅಕ್ಷರಕ್ಕೆ ಕೊಂಬು ಸು, ಶ ಅಕ್ಷರಕ್ಕೆ ಗುಡಿಸಿನ ದೀರ್ಘ ಶೀ, ಆಮೇಲೆ ಲ. ಅವಳು ಬಿಡದೆ ಬರೆದು ಬರೆದು ಕೈಗೆ ಕೂರಿಸಿಕೊಂಡಳು. ಅವಳು ಮೊದಲು ಕಲಿತ ಪೂರ್ತಿ ಪದ ಅದು. ಹಾಗೆ ಬರೆದದ್ದನ್ನು ಫೋನಿಗೆ ಹಿಡಿದು ತೋರಿಸಿದಾಗ ನನಗೇ ಯಾರೋ ಹಳೆಯ ಗುರುತಿನವರನ್ನು ಕಂಡಂತಾಯಿತು.

ಶಾಲೆ ಶುರುವಾಗುವ ಮುಂಚೆ ಮೊಮ್ಮಗಳು ಬಂತು. ಬಂದ ಸಂಜೆಯೇ ಪುಸ್ತಕ ತಲೆಕೆಳಗೆ ಹಿಡಿದು ನಾನಿಯ ಮುಂದೆ ಕೂತಿತಂತೆ. ಮೆಹರು ಏನೂ ಅನ್ನದೆ ಪುಸ್ತಕ ತಿರುಗಿಸಿ, ಕಡ್ಡಿ ಮುಟ್ಟಿಸಿ ಒಂದೊಂದೇ ಅಕ್ಷರ ಕೂಡಿಸಿ ಇಡೀ ಪುಟ ಓದಿದಳು. ಫೋನಿನಲ್ಲಿ ಇದನ್ನು ಹೇಳುವಾಗ ಅವಳು ಎಷ್ಟು ಸಲ ನಕ್ಕಳೋ ಅಷ್ಟೇ ಸಲ ಮೂಗೊರೆಸಿಕೊಂಡಳು. ನಾನೂ ಅಷ್ಟೆ.

ಮುಂದಿನ ವಾರ ಅವಳ ಮಗ ಕಾರಿನಲ್ಲಿ ಮಂಡಿಪೇಟೆಗೆ ಪಾತ್ರೆ ತರಲು ಬಂದವನು ಅವಳನ್ನು ನಮ್ಮ ಗೇಟಿನಲ್ಲಿ ಇಳಿಸಿ ಹೋದ. ನಾನು ಓಡಿ ಹೊರಗೆ ಬಂದರೆ ಇವಳು ಒಳಗೆ ಬರುತ್ತಿಲ್ಲ. ಗೇಟಿನ ಕಂಬಕ್ಕೆ ಕಪ್ಪು ಗ್ರಾನೈಟಿನ ಮೇಲೆ ಬಂಗಾರದ ಅಕ್ಷರಗಳಲ್ಲಿ ಕೆತ್ತಿಸಿದ ಫಲಕವಿದೆ. ಅದರ ಮೇಲೆ ಬೆರಳಿಟ್ಟು ನಿಂತಿದ್ದಾಳೆ. ಈಗ ಅವಳಿಗೆ ಕಂಡ ಬೋರ್ಡನ್ನೆಲ್ಲ ಓದುವ ಹುಚ್ಚು. "ತಡಿ ತಡಿ, ಮಾತಾಡ್ಸಬ್ಯಾಡ" ಎಂದು ಗಟ್ಟಿಯಾಗಿ ಕೂಡಿಸಿದಳು. ಶ್ರೀ ಚನ್ನಬಸಪ್ಪ ನಿಲಯ. ಕೆಳಗೆ ಯಜಮಾನರ ಹೆಸರು. ಅದರ ಕೆಳಗೆ, ಈ ಮನೆಯಲ್ಲಿ ಎಂದೂ ವಾಸವಿರದ ಮೈದುನನ ಹೆಸರು. ಅದರ ಕೆಳಗೆ ವ್ಯಾಪಾರಸ್ಥರು. ಬೆರಳು ಕಲ್ಲಿನ ಅಂಚಿಗೆ ಬಂದು ನಿಂತಿತು. ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಇಳಿಯಿತು.

"ಎಲ್ಲಾ ಓದ್ದೆ. ಕೊಂಬಿನ ಸು ಎಲ್ಲೂ ಸಿಗವಲ್ದು. ನೀನೆಲ್ಲಿದೀಯೇ ಸುಶೀ?"

"ನಾನು ಒಳಗಿದೀನಲ್ಲ ಮಾರಾಯ್ತಿ, ಬಾ" ಎಂದು ನಗುತ್ತ ಕೈ ಹಿಡಿದೆ.

ಅವಳು ನಗಲಿಲ್ಲ. "ಒಳಗಿರೋ ಡಬ್ಬಿಗೂ ಹೆಸರೈತೆ ಅಂದಿದ್ದ್ಯಲ್ಲ" ಎಂದಳು.

ಆ ಫಲಕವನ್ನು ಪ್ರತಿ ಅಮಾವಾಸ್ಯೆಗೆ ಹುಣಸೆಹಣ್ಣು ಹಚ್ಚಿ ತೊಳೆದವಳು ನಾನು. ಕನ್ನಡದ ಟೀಚರು ಬೇರೆ. ಅದರಲ್ಲಿ ಏನಿಲ್ಲ ಎಂಬುದನ್ನು ನನ್ನ ಶಿಷ್ಯೆ ಓದಿ ಹೇಳಬೇಕಾಯಿತು. ಸಿಟ್ಟು ಬಂತು, ಯಾರ ಮೇಲೆಂದು ಹೇಳಲಾರೆ. ಅವಳಿಗೆ ಬೆಲ್ಲದ ಪಾನಕ ಕೊಟ್ಟೆ, ಅವಳು ತಂದ ಖರ್ಜೂರ ತಿಂದೆ, ಬಾಯಿಗೆ ರುಚಿ ಹತ್ತಲಿಲ್ಲ. ಗೂಡಿನಲ್ಲಿ ಡಬ್ಬಿ ಕೊಂಬೆತ್ತಿಕೊಂಡು ಮಿಣಮಿಣ ಎನ್ನುತ್ತಿತ್ತು. ನಾನು ಫೋನು ತೆಗೆದು ಆ ಆ್ಯಪು ಬಿಚ್ಚಿದೆ. ಚನ್ನಬಸಪ್ಪ ಅಂಡ್ ಸನ್ಸ್ ಅಳಿಸಿದೆ. ಮಾವನವರು ಬೈಯಲಿಲ್ಲ. ಅಲ್ಲಿ ನನ್ನ ಹೆಸರು ಹಾಕಿದೆ. ಪಾಸ್‌ವರ್ಡು ಏನಿಡಲಿ ಎಂದಾಗ ಮೆಹರು ಕಟ್ಟೆಯ ಮೇಲಿದ್ದ ತಟ್ಟೆ ನೋಡಿ, "ಬೆಳ್ಳುಳ್ಳಿ" ಎಂದಳು. ಅದರ ಳಕಾರಗಳಿಗೆಲ್ಲ ಒಂದಕ್ಕೂ ಮೋಸವಾಗದಂತೆ ಇಂಗ್ಲಿಷಿನ ಎಲ್ ಕೊಟ್ಟು ಒತ್ತಿದೆ. ಕನ್ನಡ ಬಲ್ಲವರು ಬಿಟ್ಟು ಬೇರೆಯವರು ಒಳಗೆ ಬರಲಾರರು.

ಸಂಜೆ ಮೆಹರು ಹೋದ ಮೇಲೆ ಯಜಮಾನರು ಅಂಗಡಿಯಿಂದ ಬಂದರು. ಹಾಲ್‌ನಲ್ಲಿ ಫೋನು ಒತ್ತಿದರು, ಕಿಟಕಿಯ ಹತ್ತಿರ ಹೋಗಿ ಒತ್ತಿದರು, ಕೊನೆಗೆ ಕನ್ನಡಕ ಹಣೆಗೇರಿಸಿಕೊಂಡು ಅಡಿಗೆಮನೆಗೆ ಬಂದರು.

"ಏ, ಕೇಳಿಲ್ಲಿ. ನಮ್ಮ ನೆಟ್ ಹೋಗೇತೆ. ಅಪ್ಪನ ಹೆಸರೇ ಬರ್ತಿಲ್ಲ. ಇಲ್ಲಿ ಯಾವಳೋ ಸುಶೀಲ ಅಂತ ಒಬ್ಬಾಕಿದು ಬರ್ತೈತೆ ನೋಡು. ಅಕ್ಕಪಕ್ಕದಾಕಿ ಇರ್ಬೇಕು. ಸಿಗ್ನಲ್ ಮಾತ್ರ ಫುಲ್ ಐತೆ."

ನಾನು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಅವರ ಮುಖ ನೋಡಿದೆ. ಹಾಸ್ಯ ಮಾಡುತ್ತಿಲ್ಲ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಆ ಹೆಸರನ್ನು ಮತ್ತೊಮ್ಮೆ ಓದಿದರು.

"ಆಕಿ ನಿನಗೇನಾರ ಗುರ್ತು ಐದಾಳಾ? ಕೇಳಿ ನೋಡು, ಪಾಸ್‌ವರ್ಡು ಕೊಡ್ತಾಳೇನೋ."

ನಾನು ಕಟ್ಟೆಯ ಮೇಲಿದ್ದ ತಟ್ಟೆಯನ್ನು ಅವರ ಕಡೆ ಸರಿಸಿ, "ಬೆಳ್ಳುಳ್ಳಿ" ಎಂದೆ.

ಅವರು ನಿಟ್ಟುಸಿರು ಬಿಟ್ಟು, ಸ್ಟೂಲು ಎಳೆದುಕೊಂಡು, ಬಿಡಿಸಲು ಕೂತರು.